ಬುಟ್ಟಿಗಳ ಜಾಗ ಬದಲಾದ ದಿನ

ಮಗಳಿಗೆ ಇಪ್ಪತ್ತು ದಾಟಿದ್ದರೂ ಬೆಳಿಗ್ಗೆ ಅವಳ ಅಂಗಿಯ ಗುಂಡಿ ಹಾಕುತ್ತಿದ್ದವಳು ಅಮ್ಮನೇ. ತಲೆ ಬಾಚುವುದು, ತಟ್ಟೆಗೆ ಬಡಿಸುವುದು, ನೆಂಟರು ಮಗಳನ್ನು ಕೇಳಿದ ಪ್ರಶ್ನೆಗೆ ಉತ್ತರ ಹೇಳುವುದು, ಎಲ್ಲವೂ ಅಮ್ಮನದೇ. ಹೊಲಿಗೆ ಕೆಲಸದವಳು, ಕೈ ಚುರುಕು. ಮಗಳು ಮೊದಲ ಗುಂಡಿ ಹಿಡಿದು ಯೋಚಿಸುವಷ್ಟರಲ್ಲಿ ಇವಳು ಕೊನೆಯದನ್ನೂ ಹಾಕಿ ಮುಗಿಸಿರುತ್ತಿದ್ದಳು.

ಮಗಳಿಗೆ ಆಟಿಸಂ ಇದೆ. ಅದು ಅಂಟುವ ಕಾಯಿಲೆಯಲ್ಲ, ಯಾರ ತಪ್ಪೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಅವಳಿಗೆ ಮಾತು ಕಡಿಮೆ, ಗದ್ದಲ ಆಗದು, ಹೇಳದೆ ಕೇಳದೆ ಏನಾದರೂ ಬದಲಾದರೆ ದಿಕ್ಕು ತಪ್ಪಿದಂತಾಗುತ್ತದೆ. ಆದರೆ ಬಟ್ಟೆ ಮಡಚಲು ಕೂತಳೆಂದರೆ ಅಂಚಿಗೆ ಅಂಚು ಕೂಡದೆ ಏಳುವವಳಲ್ಲ.

ಅವಳು ಹೋಗುತ್ತಿದ್ದ ತರಬೇತಿ ಕೇಂದ್ರದ ಟೀಚರ್ ಅದನ್ನು ಗಮನಿಸಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಗೊತ್ತುಮಾಡಿದರು. ಒಂದು ವಾರ ನೋಡುತ್ತಾರೆ, ಸರಿಹೋದರೆ ಕಾಯಂ.

"ನನ್ನ ಮಗಳಾ? ಗುಂಡಿ ಹಾಕ್ಕೊಳ್ಳೋಕೇ ಬರಲ್ಲ ಅವಳಿಗೆ."

"ಬರಲ್ವೋ, ನೀವು ಬಿಟ್ಟಿಲ್ವೋ? ನಿಮ್ಮ ಕೈಗೆ ಸ್ವಲ್ಪ ರಜೆ ಕೊಡಿ ಅಕ್ಕ."

"ಸುಮ್ನೆ ಕೂತ್ರೆ ನಂಗೆ ಕೈ ತುರಿಸುತ್ತೆ."

"ತುರಿಸ್ಕೊಳ್ಳಿ. ಗುಂಡಿ ಮಾತ್ರ ಮುಟ್ಟಬೇಡಿ."

ಕೆಲಸಕ್ಕೆ ಹೋಗುವ ಮುಂಚೆಯೇ ತಯಾರಿ ಶುರುವಾಯಿತು. ಮೊದಲು ಕೊನೆಯ ಗುಂಡಿಯೊಂದನ್ನು ಮಗಳಿಗೆ ಬಿಟ್ಟರು. ಅದು ಬಂದ ಮೇಲೆ ಅದರ ಹಿಂದಿನದು. ಬಸ್ಸಿನ ಪಾಠವೂ ಹಾಗೇ: ಮೊದಲು ಅಮ್ಮ ಪಕ್ಕದಲ್ಲಿ, ಆಮೇಲೆ ಹಿಂದಿನ ಸೀಟಿನಲ್ಲಿ, ಆಮೇಲೆ ಮನೆಯಲ್ಲೇ. ಲಾಂಡ್ರಿಯ ಗೋಡೆಗೆ ಟೀಚರ್ ಕೆಲಸದ ಒಂದೊಂದು ಹಂತದ ಫೋಟೊ ಅಂಟಿಸಿದರು.

ಲಾಂಡ್ರಿಯವರು ನೋಡುವ ಆ ವಾರ ಸುಸೂತ್ರವಾಗಿಯೇ ಸಾಗಿತ್ತು. ಕೊನೆಯ ದಿನ ಬೆಳಿಗ್ಗೆ ಅಲ್ಲಿಂದ ಫೋನು ಬಂತು. ಅಮ್ಮನೂ ಟೀಚರೂ ಓಡಿದರು. ಮಗಳು ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತಿದ್ದಳು.

"ಬಂದವಳೇ ಕೂತುಬಿಟ್ಲು," ಎಂದರು ಲಾಂಡ್ರಿಯ ಮೇಲ್ವಿಚಾರಕರು. "ಹೀಗಾದ್ರೆ ಕಷ್ಟಮ್ಮ."

ಅಮ್ಮ ಮಗಳ ಚೀಲ ಎತ್ತಿಕೊಂಡಳು. "ನಾನು ಆಗ್ಲೇ ಹೇಳಿದ್ದೆ. ನಡಿ ಮನೆಗೆ."

"ತಾಳಿ ಅಕ್ಕ. ಸರ್, ಇವತ್ತು ಇಲ್ಲಿ ಏನು ಬದಲಾಗಿದೆ?"

"ಏನೂ ಇಲ್ಲ. ಬುಟ್ಟಿಗಳನ್ನ ಆ ಕಡೆ ಸರಿಸಿದ್ವಿ ಅಷ್ಟೆ."

"ಅವಳಿಗೆ ಹೇಳಿದ್ರಾ?"

"ಬುಟ್ಟಿ ಸರಿಸೋಕೂ ಅಪ್ಪಣೆ ಬೇಕಾ?"

"ಅಪ್ಪಣೆ ಬೇಡ, ಒಂದು ಮಾತು ಸಾಕು. ನಿಮ್ಮ ಮೇಜನ್ನ ರಾತ್ರೋರಾತ್ರಿ ಮಹಡಿಗೆ ಸಾಗಿಸಿದ್ರೆ ನೀವು ಎಷ್ಟು ಕೂಗಾಡ್ತೀರಿ?"

ಮೇಲ್ವಿಚಾರಕರು ನಕ್ಕು, ಹತ್ತಿರದ ಯಂತ್ರ ನಿಲ್ಲಿಸಿದರು. ಟೀಚರ್ ಬುಟ್ಟಿಗಳ ಹೊಸ ಜಾಗದ ಫೋಟೊ ತೆಗೆದು ಅವಳ ಮುಂದಿಟ್ಟರು. ಯಾರೂ ಎಳೆಯಲಿಲ್ಲ, ಅವಸರಿಸಲಿಲ್ಲ. ಮಗಳ ತೋಳಿನತ್ತ ಹೊರಟ ತನ್ನ ಕೈಯನ್ನು ಅಮ್ಮ ಬೆನ್ನ ಹಿಂದೆ ಕಟ್ಟಿಕೊಂಡಳು.

ಮಗಳು ಫೋಟೊ ನೋಡಿದಳು, ಬುಟ್ಟಿ ನೋಡಿದಳು. ನಿಧಾನವಾಗಿ ಎದ್ದಳು. ಮಡಚಿದ ಹಾಸು ಒಂದು ಬುಟ್ಟಿಗೆ, ದಿಂಬಿನ ಚೀಲ ಇನ್ನೊಂದಕ್ಕೆ, ಹರಿದದ್ದು ಪಕ್ಕಕ್ಕೆ. ಊಟದ ಹೊತ್ತಿಗೆ ಬಟ್ಟೆಯ ರಾಶಿ ಕರಗಿತ್ತು.

"ನಾಳೆಯಿಂದ ನೀನು ಕಾಯಂ ಕಣಮ್ಮ," ಎಂದರು ಮೇಲ್ವಿಚಾರಕರು. "ಏನೇ ಸರಿಸಿದ್ರೂ ನಿಂಗೆ ಮೊದ್ಲೇ ಹೇಳ್ತೀವಿ."

ಮಗಳು ಅಮ್ಮನ ಕೈಯಿಂದ ಚೀಲ ತೆಗೆದುಕೊಂಡಳು. "ಅಮ್ಮ, ನೀನು ಹೋಗು. ನಂಗೆ ಕೆಲ್ಸ ಇದೆ. ಸಂಜೆ ಬಸ್ಸಲ್ಲಿ ಬರ್ತೀನಿ."

ಹೊರಗೆ ಬಂದ ಅಮ್ಮ, ಕಾವಲುಗಾರ ಕೇಳದಿದ್ದರೂ ನಿಂತು ಹೇಳಿದಳು: "ನನ್ನ ಮಗಳು ಇಲ್ಲೇ ಕೆಲಸ ಮಾಡೋದು."

ಓದುಗರೇ, ನಿಮ್ಮ ಮನೆಯಲ್ಲೂ ಇಂಥ ಮಗ ಅಥವಾ ಮಗಳು ಇದ್ದರೆ ಇವತ್ತೇ ಒಂದು ಸಣ್ಣ ಕೆಲಸ ಅವರಿಗೆ ಬಿಡಿ, ಅದು ಮುಗಿಯುವ ತನಕ ಕಾಯಿರಿ. ಒಬ್ಬೊಬ್ಬರಿಗೆ ಬೇಕಾಗುವ ನೆರವು ಒಂದೊಂದು ಬಗೆಯದು. ಹತ್ತಿರದ ತರಬೇತಿ ಕೇಂದ್ರದಲ್ಲಿ ವಿಚಾರಿಸಿ. ನೀವು ಕೆಲಸ ಕೊಡುವವರಾದರೆ ಬದಲಾವಣೆಯನ್ನು ಮುಂಚೆಯೇ ತಿಳಿಸಿ, ಎಲ್ಲರಷ್ಟೇ ಸಂಬಳ ಕೊಡಿ. ಮಾಡುವ ಕೈಗಳು ಸಿದ್ಧವಾಗಿವೆ, ನೀವು ಬಾಗಿಲು ತೆರೆಯಿರಿ.