ಇಪ್ಪತ್ತು ಸೆಕೆಂಡಿನ ನೋಟ

ಹತ್ತನೇ ಕ್ಲಾಸಿನ ಹುಡುಗಿ ಗುಬ್ಬಿಯ ಹೆಸರಿನ ಮುಂದಿದ್ದ ಕೆಂಪು ಚುಕ್ಕೆ ಗಣಿತದ ಮೇಡಂಗೆ ನುಂಗಲಾರದ ತುತ್ತಾಗಿತ್ತು. ಚುಕ್ಕೆಯ ಪಕ್ಕದಲ್ಲಿ ಮೂವತ್ತೊಂದು ಎಂಬ ಅಂಕಿ. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುವ ಪ್ರೋಗ್ರಾಂ, ಯಾರು ಎಷ್ಟು ಹೊತ್ತು ಸುಮ್ಮನಿದ್ದರು, ಯಾವಾಗ ಏನು ಒತ್ತಿದರು ಎಂಬುದನ್ನೆಲ್ಲ ಗುಡ್ಡೆ ಹಾಕಿಕೊಂಡು, ವರ್ಷದ ಕೊನೆಗೆ ಯಾರು ಪಾಸಾಗುತ್ತಾರೆಂದು ಈಗಲೇ ಭವಿಷ್ಯ ನುಡಿಯುತ್ತಿತ್ತು. ನೂರಕ್ಕೆ ಐವತ್ತಕ್ಕಿಂತ ಕಡಿಮೆ ಬಂದವರು ಪಬ್ಲಿಕ್ ಪರೀಕ್ಷೆಗೆ ಕೂರುವಂತಿಲ್ಲ. ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೊಳೆಯಬೇಕು. ಹೋದ ವರ್ಷ ಗುಬ್ಬಿಯ ಅಕ್ಕನಿಗೂ ಹೀಗೇ ಕೆಂಪು ಬಿದ್ದು, ಅವಳು ಶಾಲೆ ಬಿಟ್ಟು ಹೊಲಿಗೆಗೆ ಸೇರಿದ್ದಳು. ಈ ವರ್ಷ ಪರೀಕ್ಷೆಗೆ ಕೂರುವವರ ಪಟ್ಟಿ ಇವತ್ತು ನಾಲ್ಕು ಗಂಟೆಗೆ ಬೋರ್ಡಿಗೆ ಹೋಗಬೇಕಿತ್ತು.

ಯಂತ್ರ ಕೊಟ್ಟ ಕಾರಣ ಎರಡೇ ಸಾಲು. ಐದೈದು ನಿಮಿಷ ಸೋಮಾರಿಯಾಗಿ ಕೂರುತ್ತಾಳೆ. ಆಮೇಲೆ ಎರಡೇ ಸೆಕೆಂಡಿನಲ್ಲಿ ಉತ್ತರ ಒತ್ತುತ್ತಾಳೆ, ಅಂದರೆ ಬರೀ ಊಹೆ. ಅವಳ ಉತ್ತರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸರಿಯಿದ್ದವು, ಅದು ಅದೃಷ್ಟವಂತೆ!

ಮೇಡಂ ಹಿಡಿದದ್ದನ್ನು ಬಿಡುವ ಪೈಕಿಯಲ್ಲ. ಮೊದಲ ಪಿರಿಯಡ್ಡಿನಲ್ಲೇ ಗುಬ್ಬಿಯ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಹುಡುಗಿ ಪರದೆಯ ಮೇಲಿನ ಲೆಕ್ಕವನ್ನು ಒಮ್ಮೆ ಓದಿದಳು, ಮೌಸ್ ಬಿಟ್ಟಳು, ಮಡಿಲಲ್ಲಿದ್ದ ನೋಟ್‌ಬುಕ್ಕಿಗೆ ಬಗ್ಗಿದಳು. ಗೀಚಿದಳು, ಹೊಡೆದು ಹಾಕಿದಳು, ತುಟಿ ಕಚ್ಚಿಕೊಂಡು ಮತ್ತೆ ಗೀಚಿದಳು. ಕೊನೆಗೆ ತಲೆಯೆತ್ತಿ ಉತ್ತರ ಒತ್ತಿದಳು. ಅದಕ್ಕೆ ಹಿಡಿದದ್ದು ಎರಡು ಸೆಕೆಂಡು.

ಕಂಪ್ಯೂಟರಿನಲ್ಲೇ ಹಂತಹಂತವಾಗಿ ಯಾಕೆ ಮಾಡುವುದಿಲ್ಲ ಎಂದು ಮೇಡಂ ಕೇಳಿದರು.

"ಅಕ್ಕ ಹೇಳ್ಕೊಟ್ಟಿದ್ದು ಮೇಡಂ. ತಪ್ಪು ಒತ್ತಿದ್ನೆಲ್ಲ ಅದು ನೆನಪಿಟ್ಕೊಳ್ಳುತ್ತಂತೆ. ಅದಕ್ಕೇ ತಪ್ಪೆಲ್ಲ ಇಲ್ಲೇ ಮಾಡಿ ಮುಗಿಸ್ಬಿಡ್ತೀನಿ."

ಮೇಡಂಗೆ ಬಂದ ನಗು ಅರ್ಧಕ್ಕೇ ನಿಂತಿತು. ಮೂರು ವರ್ಷದ ಹಿಂದೆ ಪ್ರೋಗ್ರಾಂ ತಯಾರಿಸುವವರು ಇದೇ ಕೋಣೆಗೆ ಬಂದಿದ್ದಾಗ, ಯಂತ್ರಕ್ಕೆ ಕಲಿಸಲೆಂದು ಮಕ್ಕಳನ್ನು ನೋಡಿ ಗುರುತು ಹಾಕಿಕೊಟ್ಟವರು ಬೇರೆ ಯಾರೂ ಅಲ್ಲ, ಇದೇ ಮೇಡಂ. ಒಂದು ಮಗುವನ್ನು ಇಪ್ಪತ್ತು ಸೆಕೆಂಡು ನೋಡುವುದು, 'ಕೆಲಸ' ಅಥವಾ 'ಸೋಮಾರಿ' ಎಂದು ಬರೆಯುವುದು, ಮುಂದಿನ ಮಗುವಿನತ್ತ ಕಣ್ಣು ಹೊರಳಿಸುವುದು. ಕಣ್ಣು ಪರದೆಯ ಮೇಲಿದ್ದರೆ ಕೆಲಸ, ಇಲ್ಲದಿದ್ದರೆ ಸೋಮಾರಿ. ತಲೆ ತಗ್ಗಿಸಿದವರ ಮಡಿಲಲ್ಲಿ ಏನಿದೆಯೆಂದು ನೋಡಲು ಬಾಗಿಲ ಹತ್ತಿರದ ಕುರ್ಚಿಯಿಂದ ಇವರು ಎದ್ದವರೇ ಅಲ್ಲ. ಪಾಪದ ಯಂತ್ರ, ಏನೂ ಒತ್ತದೆ ಕೂತವರೆಲ್ಲ ಸೋಮಾರಿಗಳೆಂದು ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಕಲಿತಿತ್ತು. ಮೇಡಂಗೆ ನಾಚಿಕೆಯಾಯಿತು, ತಮ್ಮ ಮೇಲೇ ಕೆಟ್ಟ ಸಿಟ್ಟು ಬಂತು.

ಊಟ ಬಿಟ್ಟು ಯಂತ್ರದ ದಾಖಲೆಯನ್ನು ಪ್ರಿಂಟ್ ತೆಗೆದರು. ಗುಬ್ಬಿಯ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕುವ ಅಭ್ಯಾಸವಿತ್ತು, ಅದು ಕೈ ಹಿಡಿಯಿತು. ಎರಡನ್ನೂ ಮುಖ್ಯೋಪಾಧ್ಯಾಯಿನಿಯ, ಅಂದರೆ ದೊಡ್ಡ ಮೇಡಂ ಅವರ, ಮೇಜಿನ ಮೇಲೆ ಅಕ್ಕಪಕ್ಕ ಹರಡಿದಾಗ ಮೂರೂವರೆ ಆಗಿತ್ತು. ಯಂತ್ರ ಸೋಮಾರಿ ಎಂದ ಒಂದೊಂದು ಐದು ನಿಮಿಷಕ್ಕೂ ಅದೇ ತಾರೀಕಿನ ಪುಟದಲ್ಲಿ ಒಂದೊಂದು ಲೆಕ್ಕವಿತ್ತು.

ದೊಡ್ಡ ಮೇಡಂ ಪುಟಗಳನ್ನು ನಿಧಾನವಾಗಿ ತಿರುಗಿಸಿ, ಗುಬ್ಬಿಯ ವಿಷಯ ಒಪ್ಪಿದರು. ಆಮೇಲೆ ಯಂತ್ರದ ಪಟ್ಟಿಯ ಮೇಲೆ ಬೆರಳಿಟ್ಟರು. "ಕೆಂಪು ಬಂದೋರು ಹನ್ನೆರಡು ಜನ. ಉಳಿದ ಹನ್ನೊಂದು ಜನದ ನೋಟ್‌ಬುಕ್ ನೋಡಿದ್ರಾ?"

ನೋಡಿರಲಿಲ್ಲ. ಗುಬ್ಬಿಯ ಮೇಲೆ ಅಕ್ಕರೆಯಿತ್ತು, ಅವಳ ಹಿಂದೆ ಹೋಗಿ ಕೂತಿದ್ದರು, ಅಷ್ಟೇ. ಆ ಹನ್ನೊಂದರಲ್ಲಿ ಒಬ್ಬ ಕ್ಲಾಸಿನಲ್ಲಿ ನಿದ್ದೆ ಹೊಡೆಯುವುದನ್ನು ಮೇಡಂ ಕಣ್ಣಾರೆ ಕಂಡಿದ್ದರು. ಆದರೆ ಈಗ ಆ ಕಣ್ಣಿನ ಮೇಲೇ ಅವರಿಗೆ ನಂಬಿಕೆಯಿರಲಿಲ್ಲ. ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಉಳಿದಿತ್ತು.

"ಹನ್ನೆರಡು ಜನಾನೂ ಪರೀಕ್ಷೆಗೆ ಕೂರ್ಲಿ. ಅವತ್ತು ತಪ್ಪು ಗುರುತು ಹಾಕಿದ್ದು ನಾನು. ಹಾಗಂತ ಬರ್ಕೊಡ್ತೀನಿ."

"ಇವರೆಲ್ಲ ಪಾಸಾಗ್ತಾರೆ ಅಂತಾನೂ ಬರ್ಕೊಡ್ತೀರಾ?"

"ಇಲ್ಲ ಮೇಡಂ. ಅದು ನನಗೆ ಗೊತ್ತಿಲ್ಲ. ಗೊತ್ತಾಗ್ಲಿ ಅಂತಾನೇ ಅಲ್ವಾ ಪರೀಕ್ಷೆ ಇರೋದು?"

ದೊಡ್ಡ ಮೇಡಂ ಪೆನ್ನಿನ ಮುಚ್ಚಳ ತೆಗೆದು ಮುಂದೆ ತಳ್ಳಿದರು. ಪರೀಕ್ಷೆಗೆ ಕೂರುವವರ ಪಟ್ಟಿಗೆ ಮೇಡಂ ಹನ್ನೆರಡು ಹೆಸರನ್ನೂ ತಮ್ಮ ಕೈಯಾರೆ ಬರೆದರು, ನಿದ್ದೆ ಹೊಡೆಯುವವನದ್ದು ಎಲ್ಲಕ್ಕಿಂತ ಮೊದಲು.