ಟೇಪಿಗೂ ಸಿಗದ ಗೆರೆ

ನನ್ನ ಓರಗಿತ್ತಿಯ ಚಂಡಮಾರುತ ನನ್ನದಕ್ಕಿಂತ ದೊಡ್ಡದು ಎಂದು ಯಾರಾದರೂ ಅಂದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಹೊಟ್ಟೆಕಿಚ್ಚು ಅನ್ನಿ, ಇನ್ನೇನಾದರೂ ಅನ್ನಿ, ಮುಚ್ಚಿಡುವವಳು ನಾನಲ್ಲ.

ನಾವಿಬ್ಬರೂ ಒಂದೇ ಮನೆಯ ಸೊಸೆಯರು. ಇಬ್ಬರಿಗೂ ಸೇರಿ ಒಂದೇ ಹೊಲಿಗೆ ಅಂಗಡಿ; ಕತ್ತರಿ ನನ್ನದು, ಮಿಷನ್ನು ಅವಳದು. ನನ್ನ ಚಂಡಮಾರುತ ಬಂದದ್ದು ಹದಿನಾಲ್ಕು ವರ್ಷಗಳ ಹಿಂದೆ. ಅವಳಿನ್ನೂ ಈ ಮನೆಗೆ ಕಾಲಿಟ್ಟಿರಲಿಲ್ಲ, ಗಂಡಸರು ಯಾರೂ ಊರಲ್ಲಿರಲಿಲ್ಲ. ಅಂಗಡಿಗೆ ನೀರು ನುಗ್ಗಿದಾಗ ಅತ್ತೆಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹತ್ತಿಸಿ, ಮೇಜು ತೇಲದ ಹಾಗೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಗೋಡೆಗೆ ಒತ್ತಿ ಹಿಡಿದು ನಿಂತವಳು ನಾನು. ಹನ್ನೊಂದು ವರ್ಷ ಅತ್ತೆ ಅದನ್ನೇ ಹೇಳಿಕೊಂಡು ಬಂದರು. ಅಳತೆ ಕೊಡಲು ಬಂದವರೆಲ್ಲ ಅದನ್ನು ಕೇಳಿಯೇ ಹೋಗಬೇಕಿತ್ತು. ನಾನು ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಏನೂ ಕೇಳಿಸದವಳ ಹಾಗೆ ನಿಂತಿರುತ್ತಿದ್ದೆ.

ಮೂರು ವರ್ಷದ ಹಿಂದೆ ಎರಡನೆಯದು ಬಂತು. ಆಗ ನಾನು ತಂಗಿಯ ಹೆರಿಗೆಗೆಂದು ಹೋಗಿದ್ದೆ. ಹಾಳಾದ್ದು, ನಾನಿಲ್ಲದಾಗಲೇ ಬರಬೇಕೆ! ಅದೇ ಅತ್ತೆ, ಅದೇ ಮೇಜು, ಹಿಡಿದು ನಿಂತವಳು ಮಾತ್ರ ಅವಳು. ನಾನು ವಾಪಸ್ಸು ಬರುವಷ್ಟರಲ್ಲಿ ಅತ್ತೆಯ ಕಥೆಯೇ ಬದಲಾಗಿತ್ತು.

"ಗಾಳಿ ಅಂದ್ರೆ ಅದು ಗಾಳಿ ಕಣ್ರೀ! ಬಸ್ ನಿಲ್ದಾಣದ ಛಾವಣಿ ಹಾರ್ಕೊಂಡು ಹೋಗಿ ಬೇಕರಿ ಮೇಲೆ ಕೂತಿತ್ತು," ಎಂದು ಗಿರಾಕಿಗಳ ಮುಂದೆ ಶುರು ಮಾಡುತ್ತಿದ್ದರು.

"ನಮ್ಮ ಸಲ ಇಪ್ಪತ್ತಾರು ಲೈಟ್ ಕಂಬ ಬಿದ್ದಿದ್ವು," ಎಂದೆ ನಾನು.

"ಈ ಸಲ ನಲವತ್ತು ಕಣೇ."

"ಬಿಡಿ ಅತ್ತೆ, ಅಕ್ಕ ನೋಡಿದ್ದರ ಮುಂದೆ ನಂದೇನು ಮಹಾ," ಅನ್ನುತ್ತಿದ್ದಳು ಓರಗಿತ್ತಿ. ಅವಳ ಆ ವಿನಯ ಇದೆಯಲ್ಲ, ಅದಂತೂ ಉರಿಯುವ ಗಾಯಕ್ಕೆ ಉಪ್ಪು ಸವರಿದ ಹಾಗಾಗುತ್ತಿತ್ತು.

ನಮ್ಮ ಬೀದಿಯಲ್ಲಿ ಒಂದು ರೂಢಿಯಿದೆ. ನೀರು ಇಳಿದ ಮೇಲೆ, ಅದು ಏರಿದ್ದ ಮಟ್ಟಕ್ಕೆ ಪ್ರತಿ ಅಂಗಡಿಯವರೂ ಗೋಡೆಯ ಮೇಲೆ ಎಣ್ಣೆ ಬಣ್ಣದಲ್ಲಿ ಗೆರೆ ಎಳೆದು ಇಸವಿ ಬರೆಯುತ್ತಾರೆ. ಸುಣ್ಣ ಹೊಡೆಸಿದಾಗಲೆಲ್ಲ ಗೆರೆಯನ್ನು ಮತ್ತೆ ಎಳೆಯಬೇಕು. ನನ್ನ ಗೆರೆ ಐವತ್ತಾರು ಇಂಚು, ಅವಳದು ಐವತ್ತೇಳು. ಒಂದೇ ಒಂದು ಇಂಚು! ಕಳೆದ ವರ್ಷ ಸುಣ್ಣ ಹೊಡೆಸಿದೆವು. ಎಲ್ಲರೂ ಊಟಕ್ಕೆ ಹೋದಾಗ ನಾನು ಕುಂಚ ಹಿಡಿದು ನನ್ನ ಗೆರೆಯನ್ನು ಅರವತ್ತೊಂದಕ್ಕೆ ಎಳೆದೆ. ನಮ್ಮ ಹೊಲಿಗೆಯವರ ಟೇಪು ಇರುವುದೇ ಅರವತ್ತು ಇಂಚು. ನನ್ನ ಚಂಡಮಾರುತ ಟೇಪಿಗೂ ಸಿಗಬಾರದು ಅನ್ನಿಸಿತ್ತು. ಯಾರೂ ಚಕಾರವೆತ್ತಲಿಲ್ಲ.

ಹೋದ ವಾರ ನಗರಸಭೆಯ ಇಂಜಿನಿಯರು ಬಂದ. ಬೀದಿಯ ಗೆರೆಗಳನ್ನೆಲ್ಲ ಅಳೆಯುತ್ತಾ ನಮ್ಮಲ್ಲಿಗೂ ಬಂದು, ಗೋಡೆಗೆ ತನ್ನ ಕಬ್ಬಿಣದ ಟೇಪು ಹಿಡಿದು ತಲೆ ಅಲ್ಲಾಡಿಸಿದ.

"ಅರವತ್ತೊಂದು. ಐದಡಿ ದಾಟಿದ ಕಡೆ ನೆಲಮಟ್ಟದಲ್ಲಿ ಅಂಗಡಿ ಇಡೋ ಹಾಗಿಲ್ಲಮ್ಮ, ಹೊಸ ನಿಯಮ. ಒಂದು ತಿಂಗಳಲ್ಲಿ ಖಾಲಿ ಮಾಡಿ."

ಮಿಷನ್ನಿನ ಸದ್ದು ನಿಂತಿತು. ಓರಗಿತ್ತಿ ಆ ಗೆರೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಮೊದಲಿಂದಲೂ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ಅವಳು ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ಇಬ್ಬರ ಅನ್ನದ ಅಂಗಡಿ ಕೈಬಿಟ್ಟು ಹೋಗುತ್ತಿದ್ದರೂ ನನ್ನ ಮಾನವನ್ನು ನನಗೇ ಬಿಟ್ಟಳು, ಪುಣ್ಯಾತ್ಗಿತ್ತಿ.

"ಅದು ಸುಳ್ಳು ಗೆರೆ ಸಾರ್. ಇವಳದ್ದಕ್ಕಿಂತ ಮೇಲಿರ್ಲಿ ಅಂತ ನಾನೇ ಎಳೆದಿದ್ದು," ಎಂದೆ. ಅತ್ತೆ ಕುರ್ಚಿಯಲ್ಲಿ ಬೆಪ್ಪಾಗಿ ಕೂತರು.

"ಅಂಗಡಿ ಹೋಗುತ್ತೆ ಅಂದ ತಕ್ಷಣ ಎಲ್ರೂ ಹೀಗೇ ಹೇಳೋದು."

ನನಗೆ ರೇಗಿತು. ದೊಡ್ಡ ಕತ್ತರಿ ತೆಗೆದುಕೊಂಡು ಗೋಡೆಯನ್ನು ಕೆರೆದೆ. ತಲೆ ತುಂಬ ಸುಣ್ಣ ಉದುರಿತು. ಕೆಳಗಿನಿಂದ ಹಳೆಯ ನೀಲಿ ಗೆರೆ, ಅದರ ಪಕ್ಕದಲ್ಲಿ ಹಳೆಯ ಇಸವಿ ಎದ್ದು ಬಂದವು. ಅವನು ಟೇಪು ಹಿಡಿದ. ಐವತ್ತಾರು. ಅತಿ ಹೆಚ್ಚು ಐವತ್ತೇಳು ಎಂದು ಬರೆದುಕೊಂಡು, ಅಂಗಡಿ ಇರಲಿ ಎಂದು ಹೇಳಿ ಹೋದ.

"ಅಂತೂ ಇವಳದ್ದೇ ದೊಡ್ಡದು ಅಂತ ಸರ್ಕಾರವೇ ಬರ್ಕೊಂಡು ಹೋಯ್ತು ಬಿಡು," ಎಂದರು ಅತ್ತೆ. ನನಗೆ ಅಲ್ಲೇ ಭೂಮಿಗೆ ಇಳಿದುಹೋಗುವಂತಾಯಿತು.

ಓರಗಿತ್ತಿ ಎದ್ದು ಬಂದು ನನ್ನ ಹೆಗಲು ಹಿಡಿದು ಗೋಡೆಗೆ ಆನಿಸಿ ನಿಲ್ಲಿಸಿದಳು. ನಾನು ಸಾಧಾರಣ ಎತ್ತರ, ಅವಳು ನನಗಿಂತ ಒಂದು ಗೇಣು ಉದ್ದ. ನೀಲಿ ಗೆರೆ ನನ್ನ ಕೆಳತುಟಿಗೆ ಸರಿಯಾಗಿ ಬಂತು. ಅವಳೂ ತನ್ನ ಗೆರೆಯ ಪಕ್ಕ ನಿಂತಳು.

"ನೋಡಿ ಅತ್ತೆ, ನನಗೆ ಹೆಗಲವರೆಗೆ ಬಂತು ಅಷ್ಟೇ. ಅಕ್ಕನಿಗೆ ಬಾಯಿಗೇ ಬಂದಿತ್ತು. ಇನ್ನೆರಡು ಇಂಚು ಏರಿದ್ರೆ ಉಸಿರಾಡೋಕೂ ಆಗ್ತಿರ್ಲಿಲ್ಲ. ಆದ್ರೂ ನಿಮ್ಮ ಮೇಜು ಬಿಡ್ಲಿಲ್ಲ."

ಅತ್ತೆ ನಿಧಾನವಾಗಿ ಎದ್ದು ಬಂದು ನನ್ನ ಕೂದಲಿನ ಸುಣ್ಣವನ್ನು ಸೆರಗಿನಿಂದ ಒರೆಸತೊಡಗಿದರು.

ಹದಿನಾಲ್ಕು ವರ್ಷ ಯಾರಾದರೂ ಈ ಮಾತು ಹೇಳಲಿ ಎಂದು ಕಾದಿದ್ದೆ. ಅದನ್ನೂ ಅವಳೇ ಹೇಳಬೇಕೆ! ನನಗೆ ಅಳು ಉಕ್ಕಿ ಬಂತು. ಅಳುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಮಾತು ನನ್ನ ಬಾಯಿಂದ ಖಂಡಿತ ಬರುತ್ತಿರಲಿಲ್ಲ.