ಒಂದು ವಾಕ್ಯಕ್ಕೆ ಒಂದೇ 'ಇಲ್ಲ'

ಬೆಡ್‌ಶೀಟು ಮಡಚುವುದು ಒಬ್ಬರ ಕೈಲಿ ಆಗುವ ಕೆಲಸವಲ್ಲ. ಆ ತುದಿಗೊಬ್ಬಳು, ಈ ತುದಿಗೊಬ್ಬಳು. ಕೊಡವಿ, ಎಳೆದು, ಮೂಲೆಗೆ ಮೂಲೆ ಕೂಡಿಸಲು ಎದುರುಬದುರು ನಡೆದು ಬರಬೇಕು. ಆ ದೊಡ್ಡ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹೀಗೆ ದಿನವಿಡೀ ಮುಖಾಮುಖಿಯಾಗುತ್ತಿದ್ದವರು ಒಂದೇ ಮನೆಯ ಓರಗಿತ್ತಿಯರು. ಹಿರಿಯವಳು ಅಳೆದು ತೂಗಿ ಮಾತಾಡುವವಳು. ಕಿರಿಯವಳಿಗೆ ಮನೆಯಲ್ಲೂ ಕೆಲಸದಲ್ಲೂ ಗಿಣಿ ಎಂದೇ ಹೆಸರು. ಬಾಯಿ ತೆರೆದರೆ ಮುಚ್ಚುವ ಮಾತೇ ಇಲ್ಲ.

ಮೇಲಿನ ಟೆಲಿಫೋನ್ ಕೌಂಟರಿಗೆ ಒಬ್ಬಳು ಬೇಕು, ಲಾಂಡ್ರಿಯವರಲ್ಲೇ ಇಂಗ್ಲಿಷ್ ಬರುವವಳನ್ನು ತೆಗೆದುಕೊಳ್ಳುತ್ತೇವೆ ಎಂದು ಮ್ಯಾನೇಜರು ಹೇಳಿದ್ದೇ ತಡ, ಗಿಣಿ ಇಂಗ್ಲಿಷಿನ ಬೆನ್ನು ಹತ್ತಿದಳು. ಹಿರಿಯವಳು ಅದನ್ನು ಶಾಲೆಯಲ್ಲಿ ನೆಟ್ಟಗೆ ಕಲಿತವಳು.

"ನಂಗೂ ಹೇಳ್ಕೊಡಕ್ಕಾ. ನಮ್ಮಿಬ್ರಲ್ಲಿ ಯಾರಿಗೆ ಸಿಕ್ಕಿದ್ರೂ ಒಂದೇ ಮನೆಗೆ ತಾನೆ?" ಎಂದಳು ಗಿಣಿ.

ಹಾಗೆಂದವಳಿಗೆ ಆಗುವುದಿಲ್ಲ ಎನ್ನಲು ಬಾಯಿ ಬರುತ್ತದೆಯೇ? ಶೀಟು ಮಡಚುತ್ತಲೇ ಪಾಠ ಶುರುವಾಯಿತು.

ಗಿಣಿಯ ನಾಲಿಗೆ ಚುರುಕು. ಒಂದೇ ಒಂದು ಕಡೆ ಎಡವುತ್ತಿದ್ದಳು. ಏನೂ ಕಾಣಲಿಲ್ಲ, ಯಾರೂ ಬರಲಿಲ್ಲ ಎನ್ನುವ ನಮ್ಮ ಮಾತಿನ ರೂಢಿಯಲ್ಲೇ "ಐ ಡಿಡಂಟ್ ಸೀ ನಥಿಂಗ್" ಎನ್ನುತ್ತಿದ್ದಳು. ಇಂಗ್ಲಿಷಿನಲ್ಲಿ ಒಂದು ವಾಕ್ಯಕ್ಕೆ ಒಂದೇ 'ಇಲ್ಲ'. ಡಿಡಂಟ್ ಎಂದ ಮೇಲೆ ನಥಿಂಗ್ ಅಲ್ಲ, ಎನಿಥಿಂಗ್ ಎನ್ನಬೇಕು. ಹಿರಿಯವಳಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ತಿದ್ದಲು ಬಾಯಿ ತೆರೆದೂ ಇದ್ದಳು.

"ಸರಿಯಾಗಿ ಹೇಳಿದ್ನಾ ಅಕ್ಕಾ?" ಎಂದಳು ಗಿಣಿ.

ಹಬೆ ತಾಗಿ ಬೊಬ್ಬೆಯೆದ್ದ ತನ್ನ ಬೆರಳು, ಮೇಲಿನ ತಣ್ಣನೆಯ ಕೋಣೆ, ಅಲ್ಲಿನ ತಿರುಗುವ ಕುರ್ಚಿ ಎಲ್ಲ ಒಮ್ಮೆಲೇ ಹಿರಿಯವಳ ಕಣ್ಣಿಗೆ ಕಟ್ಟಿದವು. "ಹೂಂ, ಸರಿಯಾಗೇ ಇದೆ," ಎಂದುಬಿಟ್ಟಳು. ಅಯ್ಯೋ ಪಾಪಿ! ನಾಳೆ ತಿದ್ದೋಣ ಎಂದುಕೊಂಡಳು. ಮರುದಿನವೂ ಸರಿಯಾಗೇ ಇದೆ ಎಂದಳು.

ಸಂದರ್ಶನದ ದಿನ ಹಿರಿಯವಳು ಗಾಜಿನ ಬಾಗಿಲ ಹೊರಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಕೋಣೆಯಲ್ಲಿ ಉಂಗುರ ಕಳೆದಿದೆ ಎಂದು ಯಾರಾದರೂ ಫೋನ್ ಮಾಡಿದರೆ ಏನು ಹೇಳುತ್ತೀಯ ಎಂದು ಮ್ಯಾನೇಜರು ಗಿಣಿಯನ್ನು ಕೇಳಿದರು.

"ವಿ ಡಿಡಂಟ್ ಫೈಂಡ್ ನಥಿಂಗ್ ಸರ್. ನೋಬಡಿ ಡಿಡಂಟ್ ಟೇಕ್ ನಥಿಂಗ್!"

ಒಳಗಿದ್ದವರೆಲ್ಲ ನಕ್ಕರು. ಯಾಕೆಂದು ತಿಳಿಯದೆ ಗಿಣಿಯೂ ನಕ್ಕಳು. ಅವಳ ಆ ನಗು ಕೇಳಿ ಹಿರಿಯವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅನ್ನಿಸಿ ಏನು ಬಂತು? ಸರದಿ ಬಂದಾಗ ಎದ್ದು ಹೋಗಿ ಒಂದೂ ತಪ್ಪಿಲ್ಲದೆ ಉತ್ತರ ಕೊಟ್ಟಳು. ಕೆಲಸ ಅವಳದಾಯಿತು.

ಅಂದು ಸಂಜೆ ಇಬ್ಬರೂ ಕೊನೆಯ ರಾಶಿ ಮಡಚುತ್ತಿದ್ದರು.

"ಏನಕ್ಕಾ, ಕೆಲ್ಸ ಸಿಕ್ಕಿದೋಳು ಹೀಗಾ ಮುಖ ಊದಿಸ್ಕೊಂಡಿರೋದು?" ಗಿಣಿ ಶೀಟು ಕೊಡವಿದಳು. "ಎರಡೆರಡು 'ಇಲ್ಲ' ಹಾಕ್ಬಾರ್ದಂತೆ, ಆಮೇಲೆ ಮ್ಯಾನೇಜರೇ ಹೇಳಿದ್ರು. ಆಗ ನೆನಪಾಯ್ತು ನೋಡು, ಮೊನ್ನೆ ಮನೇಲಿ ನೀನು ನಿನ್ ಮಗಳಿಗೆ ಪಾಠ ಹೇಳ್ಕೊಡುವಾಗ ಅದೇ ತಪ್ಪು ತಿದ್ತಾ ಇದ್ದೆ. ನನ್ ಮನಸ್ಸಿಗೆ ನೋವಾಗುತ್ತೆ ಅಂತ ನಂಗೆ ಹೇಳ್ಲಿಲ್ಲ ಅಲ್ವಾ? ನಿಂದು ತೀರಾ ಮೆತ್ತನೆ ಜೀವ. ಇನ್ಮೇಲೆ ಮುಲಾಜು ನೋಡ್ಬೇಡ, ತಲೆಗೆ ಮೊಟಕಿ ಹೇಳ್ಕೊಡು."

ಬೈದಿದ್ದರೆ ಹಿರಿಯವಳು ತಡೆದುಕೊಳ್ಳುತ್ತಿದ್ದಳು. ಮೂಲೆಗೆ ಮೂಲೆ ಕೂಡಿತು. ಗಿಣಿಯ ಮುಖ ಗೇಣು ದೂರದಲ್ಲಿತ್ತು. ಹೂಂ ಎಂದುಬಿಟ್ಟರೆ ಇವಳು ಸಾಯುವ ತನಕ ತನ್ನನ್ನು ಒಳ್ಳೆಯವಳೆಂದೇ ನಂಬುತ್ತಾಳೆ. ಆದರೆ ಆ ಹೂಂ ಮತ್ತೊಮ್ಮೆ ಹೇಳಲು ನಾಲಿಗೆ ಏಳಲಿಲ್ಲ.

"ಮುಲಾಜಿಗಲ್ಲ ಕಣೇ," ಎಂದಳು. "ಕೆಲ್ಸ ನಿಂಗೆ ಸಿಕ್ಬಿಡುತ್ತೆ ಅಂತ. ತಪ್ಪು ಅಂತ ಗೊತ್ತಿದ್ದೂ ಸರಿ ಅಂದೆ."

ಗಿಣಿ ಹಿರಿಯವಳ ಬೆರಳುಗಳಿಂದ ಶೀಟಿನ ಮೂಲೆಗಳನ್ನು ಮೆಲ್ಲನೆ ಬಿಡಿಸಿಕೊಂಡು, ಎದೆಗೊತ್ತಿ ಮಡಚಿ, ರಾಶಿಯ ಮೇಲಿಟ್ಟಳು.

"ನಾಳೆ ಮ್ಯಾನೇಜರ್ ಹತ್ರ ನಾನೇ ಹೋಗ್ತೀನಿ. ಎಲ್ಲಾ ಹೇಳ್ತೀನಿ. ನಿನ್ನನ್ನ ಇನ್ನೊಂದ್ಸಲ ಕೇಳಿ ಅಂತೀನಿ," ಎಂದು ಹಿರಿಯವಳು ಗೋಗರೆದಳು.

ಗಿಣಿ ಮುಂದಿನ ಶೀಟು ಎತ್ತಿಕೊಂಡು, ಇಸ್ತ್ರಿ ಯಂತ್ರದ ಬಳಿ ನಿಂತಿದ್ದ ಹೆಂಗಸಿನ ಕಡೆ ತಿರುಗಿದಳು.

"ಬಾರಮ್ಮ, ಸ್ವಲ್ಪ ಈ ತುದಿ ಹಿಡ್ಕೋ."